ಹಳೇ ಪೆಟ್ರೋಲ್ ಕಾಕ್ ಬಿಸಾಡುವ ಮೊದಲು ಬಿಚ್ಚಿ ನೋಡಿ

ಹಳೇ ಬೈಕಿನ ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕಿನ ಅಡಿಯಲ್ಲಿರುವ ಪೆಟ್ರೋಲ್ ನಲ್ಲಿ, ಸೋರುತ್ತದೆ ಅಂದ ಕೂಡಲೇ ನಮ್ಮ ಮಂಗಳೂರಿನ ಹೆಚ್ಚಿನ ಗ್ಯಾರೇಜುಗಳಲ್ಲಿ ಒಂದೇ ಮಾತು: "ಹೊಸತು ಹಾಕುವ, ಇದು ಆಗ್ಲಿಕ್ಕಿಲ್ಲ." ಈ ಮಾತು ಕೇಳಿದರೆ ನನಗೆ ಸಂಕಟ ಆಗುತ್ತದೆ. ಯೆಜ್ಡಿ, ಆರ್‌ಎಕ್ಸ್ 100 ಕಾಲದ ಕಾಕ್‌ಗಳನ್ನು ಮಾಡಿದ್ದೇ ಬಿಚ್ಚಿ ರಿಪೇರಿ ಮಾಡುವ ಹಾಗೆ. ತಿರುಗಿಸುವ ಲಿವರ್ ಪಕ್ಕ ಎರಡು ಸಣ್ಣ ಸ್ಕ್ರೂ ಇರುವುದು ಯಾಕೆ? ತೆಗೆಯಲಿಕ್ಕೇ ಅಲ್ವಾ?

ಆ ಸ್ಕ್ರೂ ತೆಗೆದರೆ ಮೊದಲು ಒಂದು ತಗಡಿನ ಪ್ಲೇಟು, ಅದರಡಿ ಅಲೆಅಲೆಯಾಗಿ ಬಗ್ಗಿದ ಸ್ಪ್ರಿಂಗ್ ವಾಷರು, ಆಮೇಲೆ ಲಿವರು, ಕೊನೆಗೆ ನಾಲ್ಕು ತೂತಿನ ಒಂದು ರಬ್ಬರ್ ಬಿಲ್ಲೆ. ಸೋರುವುದಕ್ಕೆ ಹೆಚ್ಚಾಗಿ ಈ ಬಿಲ್ಲೆಯೇ ಕಾರಣ. ವರ್ಷಗಟ್ಟಲೆ ಒತ್ತಿ ಒತ್ತಿ ಅದರ ಮೇಲೆ ಲಿವರಿನ ಅಚ್ಚು ಬಿದ್ದಿರುತ್ತದೆ. ತುಂಬಾ ಹಳೇದಾದರೆ ಹಪ್ಪಳದ ಹಾಗೆ ಪಟ್ ಅಂತ ಮುರಿಯುತ್ತದೆ. ಉಡುಪಿಯಲ್ಲಿ ನನಗೆ ಈ ಕೆಲಸ ಕಲಿಸಿದ ಹಿರಿಯ ಮೆಕ್ಯಾನಿಕ್ ಅದನ್ನು ಅಂಗೈಯಲ್ಲಿಟ್ಟು ತೋರಿಸಿದ್ದರು: "ನೋಡಿ ಮಾರಾಯ್ರೇ, ಹಾಳಾದದ್ದು ಇಷ್ಟೇ. ಇದಕ್ಕೆ ಇಡೀ ಕಾಕ್ ಯಾಕೆ ಬಿಸಾಡ್ಬೇಕು?"

ಹೊಸ ಡುಪ್ಲಿಕೇಟ್ ಕಾಕ್ ಬಗ್ಗೆ ನನಗಿರುವ ದೊಡ್ಡ ತಕರಾರು ಬೇರೆಯೇ. ಕಾಕ್‌ನ ಮೇಲೆ, ಟ್ಯಾಂಕಿನ ಒಳಗೆ ಒಂದು ಪೈಪು ನಿಂತಿರುತ್ತದೆ. ಆನ್‌ನಲ್ಲಿ ಇಟ್ಟಾಗ ಪೆಟ್ರೋಲ್ ಇಳಿಯುವುದು ಆ ಪೈಪಿನ ಮೇಲ್ತುದಿಯಿಂದ. ಮಟ್ಟ ಅದಕ್ಕಿಂತ ಕೆಳಗೆ ಬಂದರೆ ಬೈಕು ಸೊರಗುತ್ತದೆ. ಆಗ ರಿಸರ್ವ್‌ಗೆ ತಿರುಗಿಸಿದರೆ ಬುಡದ ತೂತಿನಿಂದ ಉಳಿದದ್ದು ಬರುತ್ತದೆ. ಅಂದರೆ ರಿಸರ್ವ್ ಎಷ್ಟಿರಬೇಕು ಅಂತ ಹೇಳುವುದು ಆ ಪೈಪಿನ ಉದ್ದ. ಫ್ಯುಯೆಲ್ ಮೀಟರ್ ಇಲ್ಲದ ಬೈಕಿಗೆ ಇದೇ ಮೀಟರು. ಪೈಪು ಗಿಡ್ಡ ಇರುವ ಕಾಕ್ ಹಾಕಿದರೆ ರಿಸರ್ವ್ ಕಡಿಮೆ ಆಗುತ್ತದೆ. ಅದು ಗೊತ್ತಾಗುವುದು ಚಾರ್ಮಾಡಿ ಘಾಟಿಯ ಅರ್ಧದಲ್ಲಿ, ಬಂಕ್ ಹತ್ತಿರ ಎಲ್ಲೂ ಇಲ್ಲದ ಕಡೆ.

ನಮ್ಮ ಕರಾವಳಿಯಲ್ಲಿ ಈಗ ಈ ವಿಷಯಕ್ಕೆ ಜಾಸ್ತಿ ಗಮನ ಕೊಡಬೇಕಾಗಿದೆ. 2023ರ ಫೆಬ್ರವರಿಯಿಂದ 20% ಎಥನಾಲ್ ಬೆರೆಸಿದ ಪೆಟ್ರೋಲ್ ಬಂಕ್‌ಗಳಿಗೆ ಬರಲು ಶುರುವಾಯಿತು. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿನ ಗಾಳಿ ಹೇಗಿರುತ್ತದೆ ಅಂತ ನಾನು ಹೇಳಬೇಕಿಲ್ಲ. ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿ ಮಳೆಗಾಲ ಪೂರ್ತಿ ಬೈಕನ್ನು ಸುಮ್ನೆ ನಿಲ್ಲಿಸಿದರೆ ನೀರು ಬೇರ್ಪಟ್ಟು ತಳಕ್ಕೆ ಇಳಿಯಬಹುದು. ತಳದಲ್ಲಿ ಇರುವುದು ರಿಸರ್ವ್‌ನ ತೂತು. ತುಕ್ಕು ಹಿಡಿಯುವುದೂ ಅಲ್ಲೇ. ಆ ತುಕ್ಕಿನ ಹುಡಿ ಕಾಕ್‌ಗೆ ಇಳಿದು ರಬ್ಬರಿನ ಮೇಲೆ ಗೀರು ಹಾಕುತ್ತದೆ. ಹಾಗಾಗಿ ಟ್ಯಾಂಕ್ ತೊಳೆಯದೆ ಬರೀ ರಬ್ಬರ್ ಬದಲಿಸಿದರೆ ಪ್ರಯೋಜನ ಇಲ್ಲ.

ಇನ್ನು ರಬ್ಬರ್ ಯಾವುದು ಅನ್ನುವ ಪ್ರಶ್ನೆ. ಸೈಕಲ್ ಟ್ಯೂಬ್ ಕತ್ತರಿಸಿ ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅದು ಪೆಟ್ರೋಲ್ ಕುಡಿದು ಉಬ್ಬುತ್ತದೆ, ಲಿವರ್ ತಿರುಗುವುದಿಲ್ಲ, ತೂತು ಮುಚ್ಚಿಕೊಳ್ಳುತ್ತದೆ. ಸಿಲಿಕಾನ್ ಗಮ್ ಕೂಡ ಪೆಟ್ರೋಲಿನ ಎದುರು ನಿಲ್ಲುವುದಿಲ್ಲ, ಕಿತ್ತು ಬಂದು ಕಾರ್ಬೊರೇಟರಿನ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತು) ಕಟ್ಟುತ್ತದೆ. ವಿಟಾನ್ ಅನ್ನುವ, ಪೆಟ್ರೋಲ್ ತಡೆಯುವ ರಬ್ಬರಿನ ಬಿಲ್ಲೆ ಸಿಕ್ಕಿದರೆ ಎಥನಾಲ್ ಪೆಟ್ರೋಲಿಗೂ ಒಳ್ಳೇದು. ಕಾಕ್ ರಿಪೇರಿ ಕಿಟ್ ಮಾರುವವರು ಒಳಗಿನ ರಬ್ಬರ್ ಯಾವುದು ಅಂತ ಪ್ಯಾಕೆಟ್ ಮೇಲೆ ಅಚ್ಚು ಹಾಕಲೇಬೇಕು. ಇದನ್ನು ಕೇಳುವುದು ಗಿರಾಕಿಗಳಾದ ನಮ್ಮ ಹಕ್ಕು.

ಬಿಲ್ಲೆ ಹಾಕುವ ಮೊದಲು ಲಿವರಿನ ಮುಖ ನೋಡಿ. ಬೆಳ್ಳಗೆ ಹುಡಿ ಹಿಡಿದಿದ್ದರೆ, ಗೀರು ಇದ್ದರೆ, ಒಂದು ಗಾಜಿನ ತುಂಡಿನ ಮೇಲೆ 1000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ನಯವಾದ ಉಪ್ಪುಕಾಗದ) ಇಟ್ಟು, ಸ್ವಲ್ಪ ನೀರು ಹಾಕಿ, ಮೆಲ್ಲ ಉಜ್ಜಬೇಕು. ಅವಸರ ಮಾಡಿ ಒಂದೇ ಬದಿಗೆ ಒತ್ತಿದರೆ ಮುಖ ಓರೆಯಾಗುತ್ತದೆ. ಇಡೀ ಮುಖ ಒಂದೇ ಬಣ್ಣಕ್ಕೆ ಬಂದಾಗ ಕೆಲಸ ಆಯಿತು. ಕಾಕ್ ಒಳಗೆ ಕಸ ಹೋಗದ ಹಾಗೆ ತಡೆಯುವ ಜಾಲರಿಯನ್ನೂ ತೊಳೆದುಬಿಡಿ. ಎಲ್ಲ ಬಯಲಲ್ಲಿ, ಇಂಜಿನ್ ತಣ್ಣಗಿದ್ದಾಗ, ಹತ್ತಿರ ಬೀಡಿ ದೀಪ ಏನೂ ಇಲ್ಲದೆ. ಅಂದ ಹಾಗೆ, ಟ್ಯಾಂಕಿನ ಮುಚ್ಚಳದ ಗಾಳಿ ತೂತು ಕಟ್ಟಿದ್ದರೂ ಪೆಟ್ರೋಲ್ ಇಳಿಯುವುದಿಲ್ಲ. ಆಗಲೂ ಪಾಪ, ಬೈಗುಳ ಕಾಕ್‌ಗೇ.

ಜೋಡಿಸಿದ ಮೇಲೆ ಆಫ್ ಮಾಡಿ, ಕೆಳಗೆ ಬಿಳಿ ಕಾಗದ ಹಾಸಿ, ರಾತ್ರಿ ಬಿಡಿ. ಪೆಟ್ರೋಲ್ ಆರಿಹೋಗುತ್ತದೆ. ಆದರೆ ಯೆಜ್ಡಿಯಂಥ ಟೂ ಸ್ಟ್ರೋಕ್ ಬೈಕಿನಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸಿರುತ್ತೇವೆ, ಆ ಆಯಿಲ್ ಕಲೆ ಕಾಗದದ ಮೇಲೆ ಉಳಿಯುತ್ತದೆ. ಅಂಥ ಬೈಕಿನಲ್ಲಿ ಕಲೆ ಇಲ್ಲ ಅಂದರೆ ಗೆದ್ದಿರಿ.

ಇದೆಲ್ಲ ಸಣ್ಣ ವಿಷಯ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸೋರುವ ಕಾಕ್ ಜೊತೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ತಡೆಯುವ ಸೂಜಿಯೂ ಸವೆದಿದ್ದರೆ ಪೆಟ್ರೋಲ್ ನೇರ ಇಂಜಿನ್ನಿಗೆ ಇಳಿಯುತ್ತದೆ. ಬುಲೆಟ್‌ನಲ್ಲಾದರೆ ಇಂಜಿನ್ ಆಯಿಲ್ ತೆಳ್ಳಗಾಗಿ ಬೇರಿಂಗ್ ತಿನ್ನುತ್ತದೆ. ಬೆಂಕಿಯ ಭಯ ಬೇರೆ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಬಂದ ಕಾಕ್ ಇನ್ನೊಂದು ಹುಟ್ಟುವುದಿಲ್ಲ. ಮಂಗಳೂರು, ಉಡುಪಿ ಕಡೆಯ ಯಾರಾದರೂ ಒರಿಜಿನಲ್ ಕಾಕ್ ತೆಗೆದು ಗುಜರಿಗೆ ಅಂತ ಇಟ್ಟಿದ್ದರೆ ನನಗೆ ಮೆಸೇಜ್ ಮಾಡಿ. ರಬ್ಬರ್ ನಾನು ತರುತ್ತೇನೆ, ಒಟ್ಟಿಗೆ ಕೂತು ಬಿಚ್ಚುವ.