ಸಾಕು

ಕನ್ನಡದಲ್ಲಿ ‘ಸಾಕು’ ಅನ್ನುವ ಮಾತಿಗೆ ಎರಡು ಮುಖ. ಮಗುವನ್ನು ಸಾಕು ಅಂದರೆ ಉಣಿಸಿ ಬೆಳೆಸು ಅಂತ. ತಟ್ಟೆಗೆ ಕೈ ಅಡ್ಡ ಹಿಡಿದು ಸಾಕು ಅಂದರೆ ಇನ್ನು ಬಡಿಸಬೇಡ ಅಂತ. ನಮ್ಮನ್ನೆಲ್ಲ ಸಾಕಿದ ಅಮ್ಮ ಈಗ 86ನೇ ವಯಸ್ಸಿನಲ್ಲಿ ಎರಡನೆಯದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ. ಸೌಟು ಪಾತ್ರೆ ಬಿಟ್ಟು ಮೇಲೇಳುವ ಮೊದಲೇ ‘ಸಾಕು ಸಾಕು’ ಬಂದಿರುತ್ತದೆ. ಏನು ಬಡಿಸುತ್ತಿದ್ದೇವೆ ಅಂತಲೂ ನೋಡುವುದಿಲ್ಲ.

ಬಹಳ ದಿನ ನಾನು ಇದನ್ನು ಒಳ್ಳೆಯ ಲಕ್ಷಣ ಅಂದುಕೊಂಡಿದ್ದೆ. ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಅನ್ನುವ ಗಾದೆ ಕೇಳಿಕೊಂಡೇ ಬೆಳೆದವರು ನಾವು. ನಾಲ್ಕು ಹೊತ್ತು ಉಂಡವನನ್ನು ಹೊತ್ತುಕೊಂಡು ಹೋಗಿ ಅಂತ ತಮಾಷೆಗೆ ಸೇರಿಸುವವರೂ ಇದ್ದಾರೆ. ಅಮ್ಮ ಯೋಗಿಯಾಗುತ್ತಿದ್ದಾಳೆ ಅಂತ ನನಗೆ ಸಂತೋಷವೇ. ಒಂದು ದಿನ ಅವಳ ಉಂಗುರ ಕಣ್ಣಿಗೆ ಬಿತ್ತು. ಬೆರಳಿಂದ ಜಾರದ ಹಾಗೆ ಅದಕ್ಕೆ ದಾರ ಸುತ್ತಿಕೊಂಡಿದ್ದಳು.

‘ಯಾವಾಗಿಂದ ಇದು?’ ಅಂದೆ.

‘ಆರು ತಿಂಗಳಾಯ್ತು. ನೀನೇ ಅಂದೆಯಲ್ಲ, ಸಣ್ಣ ಆಗಿದ್ದೀಯ, ಒಳ್ಳೇದಾಯ್ತು ಅಂತ.’

ಹೌದು, ಅಂದಿದ್ದೆ.

ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ 50 ಕಿಲೋ. ಹಿಂದಿನ ವರ್ಷ 54 ಇತ್ತು. ಬೇಕಂತ ಇಳಿಸದೆ, ತಾನಾಗಿ, ಆರು ತಿಂಗಳಿಂದ ಒಂದು ವರ್ಷದೊಳಗೆ ನೂರಕ್ಕೆ 5ರಷ್ಟು ತೂಕ ಇಳಿದರೆ ಸುಮ್ಮನಿರಬಾರದು ಅನ್ನುವುದು ವೈದ್ಯರ ಲೆಕ್ಕ. ಅಮ್ಮ ಆ ಗೆರೆಯನ್ನು ಯಾವಾಗಲೋ ದಾಟಿದ್ದಳು. ನಾನು ಶಭಾಷ್ ಅನ್ನುತ್ತಾ ಕೂತಿದ್ದೆ.

ಪರೀಕ್ಷೆಗಳಲ್ಲಿ ದೊಡ್ಡ ಕಾಯಿಲೆ ಏನೂ ಸಿಗಲಿಲ್ಲ. ಕರಗಿದ್ದು ಕೊಬ್ಬು ಮಾತ್ರ ಅಲ್ಲ, ಸ್ನಾಯು ಕೂಡ ಅಂತ ಗೊತ್ತಾಯಿತು. ವಯಸ್ಸಿನ ಜೊತೆ ಮಾಂಸಖಂಡ ಸವೆಯುವುದು ಹೊಸದೇನಲ್ಲ, ಆದರೆ ಅದಕ್ಕೊಂದು ಹೆಸರು ಬಿದ್ದದ್ದು ತೀರಾ ಈಚೆಗೆ, 1989ರಲ್ಲಿ. ಇರ್ವಿನ್ ರೋಸನ್‌ಬರ್ಗ್ ಅನ್ನುವ ಅಮೆರಿಕದ ವಿಜ್ಞಾನಿ ಗ್ರೀಕ್ ಮಾತುಗಳನ್ನು ಜೋಡಿಸಿ ‘ಸಾರ್ಕೊಪೀನಿಯಾ’ ಅಂತ ಕರೆದರು. ಮಾಂಸದ ಕೊರತೆ ಅಂತ ಅರ್ಥ. ಹೆಸರಿಲ್ಲದ ರೋಗವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲಿಯವರೆಗೆ ಎಲ್ಲರೂ ಅದನ್ನು ‘ವಯಸ್ಸಾಯ್ತಲ್ಲ’ ಅಂತಲೇ ಕರೆಯುತ್ತಿದ್ದರು. ನಮ್ಮ ಮನೆಯಲ್ಲಿ ಮೊನ್ನೆ ಮೊನ್ನೆಯವರೆಗೂ ಅದೇ ಹೆಸರು.

‘ವಯಸ್ಸಾಯ್ತಲ್ಲ’ ಅನ್ನುವ ಮಾತಿನ ಜೊತೆಗೇ ಬರುವ ಇನ್ನೊಂದು ಮಾತು ‘ಲಘುವಾಗಿ ತಿನ್ನಿ’. ಇದರಷ್ಟು ಮೋಸದ ಸಲಹೆ ಇನ್ನೊಂದಿಲ್ಲ ಅಂತ ಈಗ ನನಗೆ ಅನಿಸುತ್ತದೆ. ಬೆಳಿಗ್ಗೆ ಎರಡು ತುಂಡು ಬ್ರೆಡ್ಡು, ಒಂದು ಕಪ್ ಟೀ. ರಾತ್ರಿ ತಿಳಿ ಸೂಪು. ಹೊಟ್ಟೆಗೆ ಹಗುರ, ನಿಜ. ಆದರೆ ಅದರಲ್ಲಿ ಏನಿದೆ? ಓಡಾಟ ಕಡಿಮೆಯಾದಾಗ ದೇಹಕ್ಕೆ ಬೇಕಾದ ಕ್ಯಾಲೊರಿ ಕಡಿಮೆಯಾಗುತ್ತದೆ. ಪ್ರೋಟೀನು, ಕ್ಯಾಲ್ಸಿಯಂ, ವಿಟಮಿನ್ ಮಾತ್ರ ಮೊದಲಿನಷ್ಟೇ ಬೇಕು. ಕೆಲವಂತೂ ಮೊದಲಿಗಿಂತ ಜಾಸ್ತಿ. ಅಂದರೆ ತಟ್ಟೆ ಚಿಕ್ಕದಾದಷ್ಟೂ ಅದರಲ್ಲಿರುವ ಒಂದೊಂದು ತುತ್ತಿಗೂ ತೂಕ ಬೇಕು. ನಾವು ಮಾಡುವುದು ಉಲ್ಟಾ.

ಪ್ರೋಟೀನಿನ ಲೆಕ್ಕ ಹಾಕಲು ನಾನು ಕಾಗದ ಪೆನ್ನು ಹಿಡಿದೇ ಕೂತೆ. ಸಾಮಾನ್ಯವಾಗಿ ದೊಡ್ಡವರಿಗೆ ದೇಹದ ತೂಕದ ಕಿಲೋಗೆ ದಿನಕ್ಕೆ 0.8 ಗ್ರಾಂ ಅನ್ನುತ್ತಾರೆ. 65 ದಾಟಿದವರಿಗೆ 1ರಿಂದ 1.2 ಗ್ರಾಂ ಇರಲಿ ಅನ್ನುವುದು ಈಗ ಬಹಳಷ್ಟು ತಜ್ಞರ ಮಾತು. ಮೂತ್ರಪಿಂಡದ ತೊಂದರೆ ಇದ್ದವರ ದಾರಿ ಬೇರೆ, ಅವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ವಯಸ್ಸಾದವರಿಗೆ ಯಾಕೆ ಜಾಸ್ತಿ? ಮುದಿ ಸ್ನಾಯುವಿಗೆ ಕಿವಿ ಮಂದ. ಹರೆಯದಲ್ಲಿ ಪಿಸುಗುಟ್ಟಿದರೆ ಸಾಕಿತ್ತು, ಈಗ ಕೂಗಿ ಕರೆಯಬೇಕು. ಸುಮ್ನೆ ಕೂಗಿದರೂ ಏಳುವುದಿಲ್ಲ, ಕುರ್ಚಿಯಿಂದ ನಾಲ್ಕು ಸಲ ಎದ್ದು ಕೂತು ಅದಕ್ಕೆ ಕೆಲಸವನ್ನೂ ಕೊಡಬೇಕು. ಅಮ್ಮನ 50 ಕಿಲೋಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನು ಅಂತಾಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ದೊಡ್ಡ ಲೋಟ ಹಾಲಿನಲ್ಲಿ 8. ಅವಳು ತಿನ್ನುತ್ತಿದ್ದುದನ್ನೆಲ್ಲ ಎಷ್ಟು ಉದಾರವಾಗಿ ಕೂಡಿಸಿದರೂ ಮೂವತ್ತು ದಾಟಲಿಲ್ಲ. ಲೆಕ್ಕ ತಪ್ಪಿರಬೇಕು ಅಂತ ಇನ್ನೊಮ್ಮೆ ಕೂಡಿಸಿದೆ. 28 ಬಂತು.

ಹಾಗಾದರೆ ತಿನ್ನಿಸಿಬಿಡೋಣ ಅಂತ ಹೊರಟೆ. ಅಲ್ಲಿ ಶುರುವಾಯಿತು ಉಪ್ಪಿನ ಜಗಳ.

‘ಉಪ್ಪೇ ಹಾಕಿಲ್ಲ’ ಅಂತ ಅವಳು. ‘ಬಾಯಿ ಉಪ್ಪಾಗುವಷ್ಟಿದೆ’ ಅಂತ ನಾವು. ಇಬ್ಬರೂ ನಿಜವನ್ನೇ ಹೇಳುತ್ತಿದ್ದೆವು. ವಯಸ್ಸಾದಂತೆ ನಾಲಿಗೆಯ ರುಚಿಯೂ ಮಂಕಾಗುತ್ತದೆ, ಅದಕ್ಕಿಂತ ಜಾಸ್ತಿ ಮಂಕಾಗುವುದು ಮೂಗು. ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ವಾಸನೆಯ ಕೆಲಸವೇ. ಶೀತ ಹಿಡಿದಾಗ ಯಾವ ಊಟವೂ ರಟ್ಟಿನ ಹಾಗಿರುತ್ತದಲ್ಲ, ಹಾಗೆ. ನಮ್ಮ ಶೀತ ಒಂದು ವಾರಕ್ಕೆ ಹೋಗುತ್ತದೆ, ಅವರದು ಹೋಗುವುದಿಲ್ಲ. ಮೇಲಿಂದ ಮಾತ್ರೆಗಳು. ಎಷ್ಟೋ ಮಾತ್ರೆಗಳು ಬಾಯಿ ಒಣಗಿಸುತ್ತವೆ, ಕೆಲವು ನಾಲಿಗೆಗೆ ಲೋಹದ ರುಚಿ ಹತ್ತಿಸುತ್ತವೆ. ಅಂಥ ಬಾಯಿಗೆ ‘ತುಂಬಾ ಚೆನ್ನಾಗಿದೆ, ತಿನ್ನು’ ಅಂತ ಒತ್ತಾಯ ಮಾಡುವುದು ಕಣ್ಣು ಮಂಜಾದವರಿಗೆ ಚಿತ್ರ ತೋರಿಸಿದ ಹಾಗೆ. ಉಪ್ಪಂತೂ ಸುರಿಯುವಂತಿಲ್ಲ, ದಿನಕ್ಕೆ 5 ಗ್ರಾಂ ಒಳಗೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಒಂದು ಚಿಕ್ಕ ಚಮಚ. ಕೊನೆಗೆ ನಿಂಬೆರಸ, ಬೆಳ್ಳುಳ್ಳಿ, ಮೆಣಸು, ಘಮಘಮಿಸುವ ಸೊಪ್ಪು ಇವನ್ನೆಲ್ಲ ಧಾರಾಳ ಮಾಡಿದ ಮೇಲೆ ಒಂದು ರಾಜಿ ಆಯಿತು. ‘ಪರವಾಗಿಲ್ಲ’ ಅಂದಳು. ಅಮ್ಮನ ಭಾಷೆಯಲ್ಲಿ ಅದು ಚಿನ್ನದ ಪದಕ.

ನೀರಿನದೂ ಇದೇ ಕಥೆ. ‘ಬಾಯಾರಿಕೆನೇ ಇಲ್ಲ’ ಅನ್ನುತ್ತಾಳೆ. ವಯಸ್ಸಾದಾಗ ದೇಹಕ್ಕೆ ನೀರು ಬೇಕಿದ್ದರೂ ಬಾಯಾರಿಕೆ ಕರೆಗಂಟೆ ಒತ್ತುವುದಿಲ್ಲ. ರಾತ್ರಿ ಎದ್ದು ಬಚ್ಚಲಿಗೆ ಹೋಗಬೇಕಲ್ಲ ಅನ್ನುವ ಹೆದರಿಕೆ ಬೇರೆ. ಬೆಳಿಗ್ಗೆಯಿಂದ ಸಂಜೆಯೊಳಗೆ ಕುಡಿದು ಮುಗಿಸುವುದು ಅಂತ ಒಪ್ಪಂದವಾಗಿದೆ.

ನನಗೆ ನಿಜವಾಗಿ ಗಾಬರಿ ಹುಟ್ಟಿಸಿದ್ದು ವಿಟಮಿನ್ ಬಿ12. ಇದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಇರುತ್ತದೆ, ಗಿಡಮರದಿಂದ ಬಂದ ಆಹಾರದಲ್ಲಿ ಇಲ್ಲವೆಂದೇ ಹೇಳಬೇಕು. ತಿಂದರೂ ಅದನ್ನು ಆಹಾರದಿಂದ ಬಿಡಿಸಿಕೊಳ್ಳಲು ಹೊಟ್ಟೆಯಲ್ಲಿ ಆಮ್ಲ ಬೇಕು. ವಯಸ್ಸಾದ ಎಷ್ಟೋ ಜನರಲ್ಲಿ ಆ ಆಮ್ಲವೇ ಕಡಿಮೆಯಾಗಿರುತ್ತದೆ. ಎದೆಯುರಿಗೆ ವರ್ಷಗಟ್ಟಲೆ ಮಾತ್ರೆ ತೆಗೆದುಕೊಂಡರೆ ಇನ್ನೂ ಕಡಿಮೆ. ಸಕ್ಕರೆ ಕಾಯಿಲೆಯ ಮೆಟ್ಫಾರ್ಮಿನ್ ಕೂಡ ಬಿ12 ಒಳಗೆ ಹೋಗದಂತೆ ಅಡ್ಡ ನಿಲ್ಲಬಲ್ಲದು. ಪಾದ ಜೋಮು ಹಿಡಿಯುವುದು, ನಡಿಗೆ ತೂರಾಡುವುದು, ಮರೆವು. ಇದನ್ನೂ ನಾವು ‘ವಯಸ್ಸಾಯ್ತಲ್ಲ’ ಚೀಲಕ್ಕೇ ತುಂಬುತ್ತೇವೆ. ರಕ್ತ ಪರೀಕ್ಷೆಯಲ್ಲಿ ಕೊರತೆ ಕಂಡರೆ ಮಾತ್ರೆಯಿಂದಲೋ ಇಂಜೆಕ್ಷನ್‌ನಿಂದಲೋ ಸರಿಪಡಿಸಬಹುದು. ತಡ ಮಾಡಿದರೆ ನರಕ್ಕಾದ ಪೆಟ್ಟು ಪೂರ್ತಿ ಮಾಯದೆಯೂ ಉಳಿಯಬಹುದು.

ಇಷ್ಟೆಲ್ಲ ತಿಳಿದುಕೊಂಡು, ಗ್ರಾಂ ಲೆಕ್ಕ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಅಮ್ಮ ಅದನ್ನು ಕನ್ನಡಕ ಹಾಕಿಕೊಂಡು ಓದಿ, ‘ಅಕ್ಷರ ಇನ್ನೂ ಸುಧಾರಿಸಿಲ್ಲ’ ಅಂದಳು. ‘ಸಾಕು’ ಮಾತ್ರ ಹಾಗೇ ಇತ್ತು.

ಅದು ಸ್ವಲ್ಪ ಸಡಿಲವಾದದ್ದು ಅಕಸ್ಮಾತ್ತಾಗಿ. ನಮ್ಮ ಮನೆಯಲ್ಲಿ ಅಮ್ಮನಿಗೆ ಮೊದಲು ಬಡಿಸಿಬಿಡುವುದು ರೂಢಿ. ಮರ್ಯಾದೆ ಅಂತ ನಮ್ಮ ಭಾವನೆ. ಅವಳು ಒಬ್ಬಳೇ ಗೋಡೆ ನೋಡಿಕೊಂಡು ಐದು ನಿಮಿಷದಲ್ಲಿ ಊಟ ಮುಗಿಸುತ್ತಿದ್ದಳು. ಒಂದು ರಾತ್ರಿ ನನಗೂ ಬೇಗ ಹಸಿವಾಗಿ ಅವಳ ಎದುರಿಗೇ ತಟ್ಟೆ ಇಟ್ಟುಕೊಂಡು ಕೂತೆ. ಜೊತೆಗೆ ಕೂತಾಗ ಜನ ತಮಗೆ ಗೊತ್ತಿಲ್ಲದೆ ಜಾಸ್ತಿ ತಿನ್ನುತ್ತಾರೆ ಅಂತ ಓದಿದ್ದೆ, ಆ ಹೊತ್ತಿಗೆ ಅದು ನೆನಪಿರಲಿಲ್ಲ. ಅಮ್ಮ ನಾನು ಎಂಟು ವರ್ಷದವನಿದ್ದಾಗ ಊಟ ಬೇಡ ಅಂತ ಹಠ ಮಾಡಿ ಅಟ್ಟ ಹತ್ತಿ ಕೂತ ಕಥೆ ತೆಗೆದಳು. ನಾನು ಅದನ್ನು ನೂರು ಸಲ ಕೇಳಿದ್ದೇನೆ. ಪ್ರತಿ ಸಲ ಅಟ್ಟ ಸ್ವಲ್ಪ ಎತ್ತರವಾಗುತ್ತದೆ. ಕಥೆ ಏಣಿಯ ಹತ್ತಿರ ಬಂದಾಗ ಒಂದು ಸೌಟು ಬೇಳೆ ಬಡಿಸಿದೆ. ಅವಳು ಗಮನಿಸಲಿಲ್ಲ. ನಾನು ಇಳಿದು ಬರುವ ಹೊತ್ತಿಗೆ ಮೊಟ್ಟೆಯೂ ಹೋಗಿತ್ತು.

ಕಥೆ ಮುಗಿಸಿ, ಬೆರಳು ಒರೆಸಿಕೊಂಡು, ನನ್ನ ತಟ್ಟೆ ನೋಡಿದಳು.

‘ಏನಿದು, ಇಷ್ಟೇನಾ ತಿಂದದ್ದು?’

ನನಗೀಗ 63. ಈಚೆಗೆ ರಾತ್ರಿ ಹೊತ್ತು ಅಷ್ಟು ಸೇರುವುದಿಲ್ಲ. ‘ಸಾಕಮ್ಮ’ ಅಂದೆ.

ಅವಳು ಆಗಲೇ ಸೌಟು ಎತ್ತಿದ್ದಳು.