ಏಲಕ್ಕಿ ತಾನೇ, ಬಿಡೋ

"ಏಲಕ್ಕಿ ತಾನೇ, ಅದಕ್ಯಾಕೆ ತಲೆ ಕೆಡಿಸ್ಕೋತೀಯ, ಬಿಡೋ" ಅಂದರು ಭಾವ. ಐಪಿಎಲ್ ಮ್ಯಾಚ್ ನಡುವೆ ಬಂದ, ಪಾನ್ ಮಸಾಲದ ಹೆಸರಿನ ಏಲಕ್ಕಿ ಜಾಹೀರಾತಿಗೆ ನಾನು ಸಿಡುಕಿದ್ದೆ. ಪಕ್ಕದಲ್ಲಿ ಹತ್ತು ವರ್ಷದ ಮಗಳು ಕೂತಿದ್ದಳು. ಅದೇ ಹೆಸರು, ಅದೇ ಬಣ್ಣದ ಪಾನ್ ಮಸಾಲ ಪಾಕೀಟು ನಮ್ಮ ಬೀದಿಯ ಪೆಟ್ಟಿಗೆ ಅಂಗಡಿಯಲ್ಲಿ ಮಾಲೆ ಮಾಲೆಯಾಗಿ ನೇತಾಡುತ್ತದೆ. ಅಲ್ಲಿ ಏಲಕ್ಕಿ ಕೊಂಡವರನ್ನು ನಾನಂತೂ ನೋಡಿಲ್ಲ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಈಗ ಪಾನ್ ಮಸಾಲ ಒಂದು ಪಾಕೀಟು, ತಂಬಾಕು ಇನ್ನೊಂದು. ಎರಡನ್ನೂ ಹರಿದು ಬೆರೆಸಿ ಬಾಯಿಗೆ ಹಾಕಿಕೊಂಡರಾಯಿತು.

ಭಾವನನ್ನು ದೂರಲಾರೆ. ನಾವೆಲ್ಲ ಬೆಳೆದದ್ದೇ ಹಾಗೆ. 1996ರ ಮಾರ್ಚ್ 9, ಚಿನ್ನಸ್ವಾಮಿಯಲ್ಲಿ ಪಾಕಿಸ್ತಾನದ ಮೇಲೆ ಕ್ವಾರ್ಟರ್ ಫೈನಲ್. ಆಮೇರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟ್ ಎತ್ತಿ ತೋರಿಸಿದ್ದು, ಮರು ಎಸೆತದಲ್ಲೇ ನಮ್ಮ ವೆಂಕಟೇಶ್ ಪ್ರಸಾದ್ ಬೌಲ್ಡ್ ಮಾಡಿದ್ದು! ಇವತ್ತು ನೆನೆದರೂ ಮೈ ಜುಮ್ಮೆನ್ನುತ್ತದೆ. ಆ ಟೂರ್ನಿಯ ಹೆಸರು ವಿಲ್ಸ್ ವಿಶ್ವಕಪ್. ಸಿಗರೇಟಿನ ಹೆಸರು ಅದು. ನಮ್ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಒಬ್ಬರೂ ಇದು ಸರಿಯಲ್ಲ ಅನ್ನಲಿಲ್ಲ. ವಿಲ್ಸ್ ಅಂದರೆ ನಮಗೆ ಶ್ರೀನಾಥ್, ಕುಂಬ್ಳೆ. ಪ್ರಾಯೋಜಕತ್ವ ಮಾಡುವ ಕೆಲಸವೇ ಅದು. ಹೊಗೆ ಕಾಣಿಸುವುದಿಲ್ಲ, ಹೆಸರು ಮಾತ್ರ ಪ್ರೀತಿಯ ಜೊತೆಗೆ ಒಳಗಿಳಿಯುತ್ತದೆ.

ಅಪ್ಪನಿಗೆ ಕೊಟ್ಟ ಮಾತಿಗಾಗಿ ತಂಬಾಕಿನ ಜಾಹೀರಾತು ಒಪ್ಪಲಿಲ್ಲ ಎಂದು ಸಚಿನ್ ಹೇಳಿದ್ದಾರೆ. ಅಂಥವರೂ ತೊಂಬತ್ತರ ದಶಕದಲ್ಲಿ ಭಾರತದ ಅಂಗಿ ತೊಟ್ಟಾಗ ಅದರ ಮೇಲೆ ವಿಲ್ಸ್ ಇತ್ತು. ಇದು ನನ್ನನ್ನು ಬಹಳ ಕಾಡುತ್ತದೆ.

ದುಡ್ಡು ಬೇಡವೇ ಅಂತ ಕೇಳುವವರಿದ್ದಾರೆ. ತಂಬಾಕು ಪ್ರಾಯೋಜಕತ್ವ ನಿಷೇಧಿಸುವ ಮಸೂದೆ ತರುವುದಾಗಿ ಸರ್ಕಾರ ಹೇಳಿದ ಮೇಲೆ 2001ರಲ್ಲಿ ವಿಲ್ಸ್ ತಯಾರಿಸುವ ಐಟಿಸಿ ಕಂಪನಿ ಭಾರತ ತಂಡದ ಪ್ರಾಯೋಜಕತ್ವದಿಂದ ಹಿಂದೆ ಸರಿಯಿತು, ಆ ಜಾಗಕ್ಕೆ ಸಹಾರಾ ಕಂಪನಿ ಬಂತು. 2003ರಲ್ಲಿ ಕಾಯ್ದೆಯೂ ಆಯಿತು, ಅದೇ ವರ್ಷ ಭಾರತ ವಿಶ್ವಕಪ್ ಫೈನಲ್ ಕೂಡ ಆಡಿತು. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ತಂಡಗಳಿಗೆ ಪ್ರಾಯೋಜಕರಾಗಿದ್ದು ನಮ್ಮ ನಂದಿನಿ. ಹಾಲು ಮಾರುವವರಿಂದಲೂ ಆಟ ನಡೆಯುತ್ತದೆ ಸ್ವಾಮಿ.

2016-17ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರು ವಯಸ್ಕರಲ್ಲಿ ಸುಮಾರು 23 ಮಂದಿ ತಂಬಾಕು ಬಳಸುತ್ತಿದ್ದರು. ತಂಬಾಕು, ಮದ್ಯದ ಮುಸುಕಿನ ಜಾಹೀರಾತೂ, ಅಂದರೆ ಬೇರೆ ಸರಕಿನ ನೆಪದಲ್ಲಿ ಅದೇ ಹೆಸರು ತೋರಿಸುವುದೂ, ಬೇಡ ಎಂದು ಕೇಂದ್ರದ ಆರೋಗ್ಯ ಅಧಿಕಾರಿಗಳು 2025ರ ಮಾರ್ಚ್‌ನಲ್ಲಿ ಐಪಿಎಲ್‌ಗೆ ಪತ್ರ ಬರೆದರು.

ಕ್ರಿಕೆಟ್ ಮಂಡಳಿಗೆ ನಾನೂ ಒಂದು ಪತ್ರ ಬರೆದೆ. ಭಾವನಿಗೆ ಓದಿ ಹೇಳಿದೆ. ಅವರ ಸ್ವಂತ ಅಣ್ಣ ಬಾಯಿ ಕ್ಯಾನ್ಸರ್‌ನಲ್ಲಿ ತೀರಿಕೊಂಡವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಪೆನ್ನು ಕೇಳಿದರು.