ಮಂಗಳವಾರ ರಾತ್ರಿಯ ಮೂರು ಹಾಡು

ಧಾರವಾಡದಲ್ಲಿ ತಬಲಾ ಜೂನಿಯರ್ ಪರೀಕ್ಷೆ ಮುಗಿಸಿದ ವರ್ಷವೇ ನನ್ನ ತಬಲಾ ಅಟ್ಟ ಸೇರಿತು. ಮುಂದೆ ಪಿಯುಸಿ, ಆಮೇಲೆ ಎಂಜಿನಿಯರಿಂಗ್, ಆಮೇಲೆ ನೌಕರಿ. ನನ್ನ ಜೊತೆ ಕಲಿತವರಲ್ಲಿ ಒಬ್ಬ ಮಾತ್ರ ಕಲಾವಿದನಾದ. ಉಳಿದವರೆಲ್ಲ ನನ್ನ ಹಾಗೆ ಕೈ ಬಿಟ್ಟವರು. ಅದರಲ್ಲಿ ಕಳೆದುಕೊಂಡದ್ದು ಏನಾದರೂ ಇದೆ ಎಂದು ನನಗೆ ಅನಿಸಿರಲೇ ಇಲ್ಲ. ಕಾರ್ಯಕ್ರಮ ಕೊಡುವಷ್ಟು ವಿದ್ಯೆ ಇಲ್ಲದವನು ಕೇಳುಗನಾಗಿ ಕೂರಬೇಕು ಎಂದೇ ನಂಬಿ ಬೆಳೆದವರು ನಾವು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನೆಲೆಸಿದ ಮೇಲೆ, ಮನೆಯ ಹತ್ತಿರದ ಪಬ್ಬಿನಲ್ಲಿ ಮಂಗಳವಾರ ನಡೆಯುವ, ಬಂದವರು ಯಾರಾದರೂ ವೇದಿಕೆ ಹತ್ತಿ ಕೂಡಿ ನುಡಿಸುವ ಜ್ಯಾಮ್ ನೈಟ್ ಆ ನಂಬಿಕೆಯನ್ನು ಅಲ್ಲಾಡಿಸಿತು.

ಮಂಗಳವಾರವೇ ಏಕೆಂದರೆ ಅದು ಪಬ್ಬಿಗೆ ಗಿರಾಕಿ ಕಡಿಮೆ ಇರುವ ದಿನ. ಒಡೆಯರು ನಾಲ್ಕು ಜನರ ತಂಡವೊಂದಕ್ಕೆ ಸಂಭಾವನೆ ಕೊಟ್ಟು ಕರೆಸುತ್ತಾರೆ. ಡ್ರಮ್ಸ್, ಆಂಪ್ಲಿಫೈಯರ್, ಮೈಕು ಎಲ್ಲವೂ ಆ ತಂಡದ್ದೇ. ಎಂಟೂವರೆಗೆ ಅವರು ನಾಲ್ಕೈದು ಹಾಡು ನುಡಿಸುವಷ್ಟರಲ್ಲಿ, ಮೂಲೆಯ ಮೇಜಿನ ಮೇಲಿಟ್ಟ ಹಾಳೆಯಲ್ಲಿ ಬಂದವರು ತಮ್ಮ ಹೆಸರು, ವಾದ್ಯ ಬರೆದಿರುತ್ತಾರೆ. ಟಿಕೆಟ್ ಇಲ್ಲ, ಬಂದು ನುಡಿಸುವವರಿಗೆ ಹಣವೂ ಇಲ್ಲ. ಒಬ್ಬೊಬ್ಬರಿಗೆ ಮೂರು ಹಾಡು. ಡ್ರಮ್ಸ್‌ನವರು ತಮ್ಮ ಕಡ್ಡಿ ತರಬೇಕು. ಗಿಟಾರಿನವರು ಶ್ರುತಿ ಮಾಡಿಕೊಂಡೇ ವೇದಿಕೆಗೆ ಬರಬೇಕು. ನಾನು ಮದ್ಯ ಮುಟ್ಟುವವನಲ್ಲ. ಕಿತ್ತಳೆ ರಸದ ಲೋಟ ಹಿಡಿದು ರಾತ್ರಿಯೆಲ್ಲ ಕುಳಿತರೂ ಯಾರೂ ಏನೂ ಅನ್ನುವುದಿಲ್ಲ.

ಇದೆಲ್ಲ ನಿಂತಿರುವುದು ಅದನ್ನು ನಡೆಸುವವರ ಮೇಲೆ. ನಮ್ಮಲ್ಲಿ ಅದನ್ನು ನಡೆಸುವವರು ನಿವೃತ್ತ ಶಾಲಾ ಶಿಕ್ಷಕಿ, ಬೇಸ್ ಗಿಟಾರ್ ನುಡಿಸುತ್ತಾರೆ. ಹಾಳೆಯಲ್ಲಿ ಬರೆದ ಕ್ರಮದಲ್ಲಿ ಅವರು ಯಾರನ್ನೂ ಕರೆಯುವುದಿಲ್ಲ. ಯಾರ ಪಕ್ಕದಲ್ಲಿ ಯಾರು ನಿಂತರೆ ಹೊಂದುತ್ತದೆ ಎಂದು ಅಳೆದು ಜೋಡಿಸುತ್ತಾರೆ. ಒಮ್ಮೆ ತಂದೆಯ ಜೊತೆ ಹದಿನೇಳರ ಹುಡುಗನೊಬ್ಬ ಬಂದಿದ್ದ. ಗಿಟಾರಿನ ಕೇಬಲ್ ಸಿಕ್ಕಿಸಲಾಗದಷ್ಟು ಅವನ ಕೈ ನಡುಗುತ್ತಿತ್ತು. ಆಕೆ ಅವತ್ತಿನ ಅತ್ಯುತ್ತಮ ಡ್ರಮ್ಸ್ ವಾದಕರನ್ನು ಅವನ ಹಿಂದೆ ಕೂರಿಸಿ, ತಾವೇ ಬೇಸ್ ಹಿಡಿದು ನಿಂತರು. ಎರಡನೆಯ ಹಾಡಿನಲ್ಲಿ ಹುಡುಗ ಲಯ ತಪ್ಪಿದ. ತಂಡ ನಿಲ್ಲಲಿಲ್ಲ, ಅವನು ಮತ್ತೆ ಬಂದು ಸೇರುವವರೆಗೆ ಅದೇ ಸಾಲನ್ನು ಸುತ್ತಿಸುತ್ತ ಕಾದಿತು. ಮೂರನೆಯ ಹಾಡಿಗೆ ಅವನು ತಲೆ ಎತ್ತಿ ನುಡಿಸಿದ.

ಮೂರು ತಿಂಗಳು ಬರೀ ಕೇಳಿದ ಮೇಲೆ ನಾನೂ ಊರಿನಿಂದ ತಂದಿಟ್ಟಿದ್ದ ತಬಲಾವನ್ನು ಹೊತ್ತುಕೊಂಡು ಹೋದೆ. ಹಾಳೆ ನೋಡಿ ಆಕೆ ಕೇಳಿದ್ದು ಒಂದೇ ಪ್ರಶ್ನೆ: ‘ಇದರ ಶ್ರುತಿ ಯಾವುದು?’ ಡಿ ಎಂದೆ, ನಮ್ಮ ಪೇಟಿಯ (ಹಾರ್ಮೋನಿಯಂ) ಬಿಳಿ ಎರಡು. ‘ಹಾಗಾದರೆ ಹಾಡೂ ಡಿಯಲ್ಲೇ ಇರಲಿ’ ಎಂದು ಗಿಟಾರಿನವರಿಗೆ ಹೇಳಿದರು. ಹೊಸಬನ ವಾದ್ಯಕ್ಕಾಗಿ ಉಳಿದವರೆಲ್ಲ ತಮ್ಮ ಶ್ರುತಿ ಬದಲಿಸಿಕೊಂಡರು.

ನುಡಿಸಿದ್ದು ಹನ್ನೆರಡು ಬಾರ್‌ಗಳ ಬ್ಲೂಸ್. ಇಲ್ಲಿ ಬಾರ್ ಎಂದರೆ ತಾಳದ ಒಂದು ಖಾನೆ. ಬಾರ್‌ಗೆ ನಾಲ್ಕು ಮಾತ್ರೆ, ಅಂದರೆ ನಾಲ್ಕು ಎಣಿಕೆಯಂತೆ ಒಟ್ಟು 48. ಮೊದಲ ನಾಲ್ಕು ಬಾರ್ ಷಡ್ಜದ ಮೇಲೆ ನಿಲ್ಲುತ್ತವೆ, ನಡುವಿನ ನಾಲ್ಕು ಮಧ್ಯಮಕ್ಕೆ ಹೋಗಿ ಷಡ್ಜಕ್ಕೆ ಮರಳುತ್ತವೆ, ಕೊನೆಯ ನಾಲ್ಕು ಪಂಚಮದಿಂದ ಇಳಿದು ಮನೆ ಸೇರುತ್ತವೆ. ಈ ಕಟ್ಟು ಎಲ್ಲರಿಗೂ ಗೊತ್ತಿರುವುದರಿಂದಲೇ ಹೆಸರು ಕೂಡ ತಿಳಿಯದವರು ಕೂಡಿ ನುಡಿಸಬಲ್ಲರು. ನಾಲ್ಕು ಬಾರ್‌ಗಳ ಒಂದೊಂದು ಸಾಲಿಗೂ 16 ಮಾತ್ರೆ. ಅಂದರೆ ತೀನ್‌ತಾಲದ ಒಂದು ಆವರ್ತನ, ಒಂದು ಪೂರ್ಣ ಸುತ್ತು! ಪ್ರತಿ ಮಾತ್ರೆಯೂ ಮೂರಾಗಿ ಒಡೆಯುವ ಷಫಲ್ ನಡೆಯಾದ್ದರಿಂದ ತಬಲಾದ ಮೂಲ ಪೆಟ್ಟುಗಳ ಸರಣಿಯಾದ ಠೇಕಾವನ್ನು ತುಸು ತೂಗಿಸಬೇಕಾಯಿತು, ಅಷ್ಟೆ. ಮೂರು ಆವರ್ತನ ಮುಗಿಸಿ ನಾನು ಮೊದಲ ಮಾತ್ರೆಯಾದ ಸಮ್‌ಗೆ ಬಂದಾಗ ಗಿಟಾರ್ ಕೂಡ ಮೊದಲ ಸಾಲಿಗೆ ಬಂದು ನಿಂತಿತ್ತು. ಡ್ರಮ್ಸ್‌ನ ಹಿರಿಯರು ನನ್ನತ್ತ ನೋಡಿ ತಲೆದೂಗಿದರು. ಇಪ್ಪತ್ತೆರಡು ವರ್ಷಗಳ ನಂತರ ನನ್ನ ಸಮ್‌ಗೆ ಒಬ್ಬರು ತಲೆದೂಗಿದ್ದು.

ಇಲ್ಲಿನ ಪಬ್ಬುಗಳಿಗೆ ಇದು ಯಾವಾಗಲೂ ಸುಲಭವಾಗಿರಲಿಲ್ಲ. 2005ರಲ್ಲಿ ಜಾರಿಗೆ ಬಂದ ಪರವಾನಗಿ ಕಾಯಿದೆಯ ಪ್ರಕಾರ ಪಬ್ಬಿನಲ್ಲಿ ಒಬ್ಬನೇ ಕುಳಿತು ಹಾಡಲೂ ಅನುಮತಿ ಬೇಕಾಯಿತು. ಸಂಗೀತಗಾರರು ಬಿಡದೆ ಹೋರಾಡಿದರು. 2012ರ ಲೈವ್ ಮ್ಯೂಸಿಕ್ ಕಾಯಿದೆ ಬೆಳಿಗ್ಗೆ 8ರಿಂದ ರಾತ್ರಿ 11ರವರೆಗೆ, 200 ಕೇಳುಗರ ಮಿತಿಯೊಳಗೆ, ಆ ಅನುಮತಿಯ ಅಗತ್ಯವನ್ನು ತೆಗೆದುಹಾಕಿತು; 2015ರಲ್ಲಿ ಮಿತಿ 500ಕ್ಕೆ ಏರಿತು. ಬೆಂಗಳೂರಿನಲ್ಲೂ ಅದೇ 2005ರಲ್ಲಿ ಆದೇಶವೊಂದು ಬಂತು. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊತೆಕ್‌ಗಳಿಗೆಲ್ಲ ಪೊಲೀಸರ ಪರವಾನಗಿ ಕಡ್ಡಾಯ ಮಾಡಿದ ಆ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ವರ್ಷ ಎಷ್ಟೋ ರೆಸ್ಟೋರೆಂಟ್‌ಗಳಲ್ಲಿ ಹಾಡು ನಿಂತಿತು. ಮೂಲೆಯಲ್ಲಿ ಗಿಟಾರ್ ಹಿಡಿದು ಕುಳಿತವನನ್ನೂ ಕ್ಯಾಬರೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಆದರೆ ನಮಗೆ ಪಬ್ಬೇ ಬೇಕೆಂದಿಲ್ಲ. ನನ್ನ ಅಜ್ಜನ ಊರಿನ ಹನುಮಪ್ಪನ ಗುಡಿಯಲ್ಲಿ ಶ್ರಾವಣದ ರಾತ್ರಿಗಳಲ್ಲಿ ಭಜನೆ ನಡೆಯುತ್ತಿತ್ತು. ಹೊಲದಿಂದ ಬಂದವರು ಕೈಕಾಲು ತೊಳೆದುಕೊಂಡು ಕೂರುತ್ತಿದ್ದರು. ಪೇಟಿ, ತಬಲಾ, ದಮ್ಮಡಿ ಕೈಯಿಂದ ಕೈಗೆ ಹೋಗುತ್ತಿದ್ದವು. ‘ನೀನೂ ಹಿಡಿಯೋ ತಮ್ಮಾ’ ಎಂದು ಹುಡುಗರಾದ ನಮ್ಮ ಕೈಗೂ ತಾಳ ಕೊಡುತ್ತಿದ್ದರು. ಲೀಡ್ಸ್‌ನ ಶಿಕ್ಷಕಿ ಮಾಡುವುದೂ ಅದನ್ನೇ. ನಮ್ಮ ಶಾಸ್ತ್ರೀಯ ಸಂಗೀತದಲ್ಲಿ ಗಾಯಕರೂ ಪಕ್ಕವಾದ್ಯದವರೂ ಅಭ್ಯಾಸಕ್ಕೆ ಸೇರದೆ ನೇರವಾಗಿ ವೇದಿಕೆಯ ಮೇಲೆಯೇ ಕೂಡುವುದು ಸಾಮಾನ್ಯ; ರಾಗ, ತಾಳ, ಶ್ರುತಿ ಗೊತ್ತಾದರೆ ಸಾಕು. ಇಷ್ಟೆಲ್ಲ ಇರುವ ನಾವು ಹೊರನಾಡಿನ ರಾಜ್ಯೋತ್ಸವಗಳಲ್ಲಿ ಕರೋಕೆ ಟ್ರ್ಯಾಕ್ ಹಾಕಿ ಹಾಡುತ್ತೇವೆ. ಸಭೆಯಲ್ಲಿ ಕುಳಿತವರ ಮನೆಗಳಲ್ಲೇ ಎಷ್ಟು ವೀಣೆ, ಕೊಳಲು, ತಬಲಾಗಳು ಧೂಳು ಹಿಡಿದಿವೆಯೋ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಮುಂದಿನ ತಿಂಗಳ ಮೊದಲ ಭಾನುವಾರಕ್ಕೆ ಇಲ್ಲಿನ ಸಮುದಾಯ ಭವನದ ಚಿಕ್ಕ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೇನೆ. ಒಂದು ಹಾಳೆ, ಒಂದು ಪೆನ್ನು, ಒಬ್ಬೊಬ್ಬರಿಗೆ ಮೂರು ಹಾಡು. ಮೈಸೂರಿನವರೊಬ್ಬರು ಮದುವೆಗೆ ಮೊದಲು ಪಿಟೀಲಿನಲ್ಲಿ ಸೀನಿಯರ್ ಮುಗಿಸಿದ್ದಾರೆಂದು ಕೇಳಿ ಫೋನ್ ಮಾಡಿದೆ. ‘ರಿಹರ್ಸಲ್ ಯಾವಾಗ ಇಟ್ಟುಕೊಂಡಿದ್ದೀರಿ?’ ಎಂದು ಕೇಳಿದರು. ‘ಅದೇನೂ ಇಲ್ಲ ಮೇಡಂ, ಪಿಟೀಲು ತನ್ನಿ, ಸಾಕು’ ಎಂದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ. ‘ತಂತಿ ಬದಲಾಯಿಸಬೇಕು’ ಎಂದರು ಆಮೇಲೆ.